ಎಪಿಸೋಡು ಎಂಟುನೂರ ಹನ್ನೆರಡು

ಬೆಳಗಿನ ಆರರೊಳಗೆ ಒಬ್ಬ ತಾಯಿಯನ್ನು ಕೊಲ್ಲಬೇಕು.
ರಾತ್ರಿ ಹತ್ತೂವರೆಗೆ ಚಾನೆಲ್ಲಿನಿಂದ ಫೋನು:
'ಇಂದುಮತಿ ಮೇಡಂ ದಿನಕ್ಕೆ ಎರಡು ಸಾವಿರ ಜಾಸ್ತಿ ಕೇಳ್ತಿದಾರೆ,
ಪಾತ್ರ ಮುಗಿಸಿಬಿಡಿ ಸಾರ್.
ಹಾರ್ಟ್ ಅಟ್ಯಾಕೋ, ಮೆಟ್ಟಿಲೋ, ನಿಮಗೆ ಬಿಟ್ಟಿದ್ದು.'

ಈ ಊರಲ್ಲಿ ನನಗೆ ಬಿಟ್ಟಿದ್ದು ಇಷ್ಟೇ.

ಮೂವತ್ತೊಂದು ವರ್ಷದ ಹಿಂದೆ
ಗಾಂಧಿನಗರದ ಲಾಡ್ಜೊಂದರ ಮಂಚದ ಮೇಲೆ
ಮೂರು ಕಾರ್ಬನ್ ಹಾಳೆ ಇಟ್ಟು ಒತ್ತಿ ಬರೆಯುತ್ತಿದ್ದೆ.
ಹೀರೋಗೆ ಮೊದಲ ಪ್ರತಿ. ನಾಲ್ಕನೆಯದು ನನಗೆ,
ಓದಬೇಕಾದರೆ ಕಿಟಕಿಯ ಬೆಳಕಿಗೆ ಹಿಡಿಯಬೇಕು.
ಪ್ರೊಡ್ಯೂಸರ್ ಪುಟ್ಟಮಾದಪ್ಪನವರು
ಕಥೆ ಕೇಳುತ್ತ ಮಸಾಲೆದೋಸೆಯ ಅಂಚು ಮುರಿಯುವರು;
ಅಂಚು ಮುಗಿಯುವುದರೊಳಗೆ ಇಂಟರ್‌ವಲ್ ಬರಬೇಕು,
ಕೈ ಪಲ್ಯಕ್ಕೆ ತಲುಪಿತೋ, ಕಥೆ ಬಿದ್ದುಹೋದಂತೆ.

ಏಳು ಚಿತ್ರ. ಎರಡರಲ್ಲಿ ಹೆಸರು ಬಂತು,
ಒಂದರಲ್ಲಿ 'ರುದ್ರಮುನಿ' ಹೋಗಿ 'ರುದ್ರಮನಿ'.
'ಹೆಸರಲ್ಲಾದರೂ ದುಡ್ಡು ಬಂತಲ್ಲ,' ಅಂದಳು ಗಿರಿಜಾಂಬ.
ಎಷ್ಟೋ ವರ್ಷ ಆ ಮಾತನ್ನು ಜೋಪಾನ ಮಾಡಿದ್ದೆ,
ಮುನ್ನೂರ ನಾಲ್ಕನೇ ಎಪಿಸೋಡಿನಲ್ಲಿ ಸೊಸೆಯ ಬಾಯಿಗಿಟ್ಟೆ.
ಅಂದಿನಿಂದ ಅವಳು ಜಗಳವನ್ನು ನಡುವೆಯೇ ನಿಲ್ಲಿಸುತ್ತಾಳೆ:
'ಇದನ್ನ ಹಾಕ್ಬೇಡಿ.'
ಹೇಳಿ, ಒಗೆದ ಬಟ್ಟೆ ಮಡಿಸಲು ಕೂರುತ್ತಾಳೆ.

ಉತ್ತರಹಳ್ಳಿಯ ಬಾಡಿಗೆ ಬಂಗಲೆ, ಒಂದೇ ಹಾಲು, ನಾಲ್ಕು ಸೀರಿಯಲ್ಲು.
ಪರದೆ ಬದಲಿಸಿದರೆ ಮನೆತನ ಬದಲು,
ದೇವರ ಫೋಟೋ ಮಾತ್ರ ಅದೇ.
ಇಪ್ಪತ್ತೆರಡು ನಿಮಿಷ, ಮೂರು ಬ್ರೇಕು,
ಬ್ರೇಕಿಗೊಮ್ಮೆ ಯಾರಾದರೂ ಬಾಗಿಲಲ್ಲಿ ಬಂದು ನಿಲ್ಲಬೇಕು.
ಕೆಲವರನ್ನು ನಿಲ್ಲಿಸಿ ಮರೆತಿದ್ದೇನೆ,
ಇನ್ನೂ ಅಲ್ಲೇ ನಿಂತಿದ್ದಾರೇನೋ, ಸೂಟ್‌ಕೇಸು ಹಿಡಿದು.

ಹನ್ನೆರಡಕ್ಕೆ ಇಂದುಮತಿಯೇ ಫೋನು ಮಾಡಿದರು. ಬೈಯಲಿಲ್ಲ.
'ಮೂರು ವರ್ಷ ಬರೀ ಕಾಫಿ ತಂದುಕೊಟ್ಟೆ, ಕಣ್ಣೊರೆಸಿಕೊಂಡೆ.
ಸಾಯೋ ಮುಂಚೆ ಒಂದು ಒಳ್ಳೇ ಮಾತು ಕೊಡಿ ರುದ್ರಮುನಿಯವರೇ.'

ಒಂದು ಮಾತಿತ್ತು ನನ್ನ ಹತ್ತಿರ.
ಆಗದೇ ಹೋದ ನನ್ನ ಸಿನಿಮಾಕ್ಕೆಂದು ತೆಗೆದಿಟ್ಟದ್ದು.
ವಿಕ್ಟೋರಿಯಾ ಆಸ್ಪತ್ರೆಯ ಜನರಲ್ ವಾರ್ಡು,
ಶ್ರೀರಾಮಪುರದ ಬೀದಿನಲ್ಲಿಗೆ ವರ್ಷಗಟ್ಟಲೆ
ನಡುರಾತ್ರಿ ಎದ್ದು ಕೊಡ ಸಾಲಿಟ್ಟ ಅವ್ವ
ಕಣ್ಣು ಬಿಡದೆ ಕೇಳಿದ್ದು:
'ನಲ್ಲೀಲಿ ನೀರು ಬಂತೇನೋ?'
'ಬಂತವ್ವ. ಎಲ್ಲಾ ತುಂಬ್ಸಿಟ್ಟಿದೀನಿ.'
ನಾಲ್ಕು ದಿನದಿಂದ ಬಂದಿರಲಿಲ್ಲ.
ನಾನು ಬರೆದ ಮೊದಲ ಡೈಲಾಗು ಅದು,
ಒಂದೇ ಟೇಕು.

ಕೊಟ್ಟೆ. ಟೈಪು ಮಾಡಿದೆ.
ಬಂಗಲೆಯ ಅತ್ತೆಗೆ ಬೀದಿನಲ್ಲಿ ಎಲ್ಲಿಂದ ಬರಬೇಕು?
ಅದಕ್ಕೊಂದು ಫ್ಲ್ಯಾಶ್‌ಬ್ಯಾಕು ಸೇರಿಸಿದೆ: ಬೀದಿ, ಸಾಲು, ಇಪ್ಪತ್ತು ಹೆಂಗಸರು.
ಬಜೆಟ್ಟು ನೆನಪಾಯಿತು. ಹೆಂಗಸರನ್ನು ತೆಗೆದೆ.
ಆಮೇಲೆ ಬೀದಿಯನ್ನು.
ಒಂದು ಕೊಡ ಉಳಿಯಿತು.
ಅಷ್ಟರಲ್ಲಿ ತಾರಸಿಯ ಟ್ಯಾಂಕು ತುಂಬಿ ಚೆಲ್ಲುವ ಸದ್ದು.
ನನಗೆ ಕೇಳಿಸುತ್ತಿತ್ತು, ಏಳಲಿಲ್ಲ.
ಗಿರಿಜಾಂಬ ಎದ್ದು ಹೋಗಿ ಮೋಟಾರು ಆರಿಸಿದಳು,
ಹಿಂದಿರುಗುವಾಗ ಪರದೆಯ ಮೇಲಿದ್ದದ್ದನ್ನು ಓದಿರಬೇಕು.
'ಇದನ್ನ ಹಾಕ್ಬೇಡಿ' ಅನ್ನಲಿಲ್ಲ.
ಏನೂ ಅನ್ನಲಿಲ್ಲ.

ಐದೂ ನಲವತ್ತಕ್ಕೆ ವಾಟ್ಸಾಪು:
'ಸಾರ್ ಕೊಲ್ಬೇಡಿ. ಮೇಡಂ ಹಳೇ ಪೇಮೆಂಟಿಗೇ ಒಪ್ಕೊಂಡಿದಾರೆ.
ಸದ್ಯಕ್ಕೆ ಕೋಮಾದಲ್ಲಿಡಿ.'

ಹಿಂದಿನಿಂದ ಒಂದೊಂದೇ ಅಕ್ಷರ ಅಳಿಸಿದೆ,
ನೋ, ನೇ, ತೇ, ಬಂ,
ನೀರು ಹೋಯಿತು, ನಲ್ಲಿ ಹೋಯಿತು.
ಖಾಲಿ ಹಾಳೆ. ಹೊರಗೆ ಹಾಲಿನ ಹುಡುಗನ ಸೈಕಲ್ಲು.

ಸೀನ್ ಒಂದು. ಆಸ್ಪತ್ರೆ. ಹಗಲು.
ತಾಯಿ ಮಲಗಿದ್ದಾಳೆ.
ಮಗ ಪಕ್ಕದ ಸ್ಟೂಲಿನ ಮೇಲೆ.
ಮಾತಿಲ್ಲ.