ಲಾಭ

ಅರಸೀಕೆರೆ ಮಂಡಿಯಲ್ಲಿ ಯಾರೂ ಒಂದು ಎಂದು ಎಣಿಸುವುದಿಲ್ಲ.
ಮೊದಲ ಕಾಯಿಗೆ ಲಾಭ.
ಆಮೇಲೆ ಎರಡು, ಮೂರು, ನಾಲ್ಕು.
ಲಾರಿಯ ಮೇಲಿಂದ ನಾನು ಎಸೆಯುತ್ತಿದ್ದೆ,
ಕೆಳಗೆ ನೀನು ಹಿಡಿಯುತ್ತಿದ್ದೆ, ದಸ್ತಗೀರ್,
ಸೊಂಟಕ್ಕೆ ಗೋಣಿ, ಬರಿಗೈ,
ಬೆಳಗಿನ ಶಿವಮೊಗ್ಗ ಗಾಡಿ ಕೂಗುವಷ್ಟರಲ್ಲಿ ಎಂಟುನೂರು.

ಬೇರೆಯವರ ಕೈಯಲ್ಲಿ ಕಾಯಿ ಟಪ್ ಅನ್ನುತ್ತಿತ್ತು.
ನಿನ್ನ ಕೈಗೆ ಬಂದದ್ದು ಎಲ್ಲಿ ಹೋಯಿತೆಂದು
ನಾನು ಬಗ್ಗಿ ನೋಡಬೇಕಿತ್ತು.
ಹೆಸರಿನ ಅರ್ಥವೇ ಅದು, ಕೈ ಹಿಡಿಯುವವನು,
ಅಂದಿದ್ದರು ನಿನ್ನ ಅಬ್ಬಾ.
ನನ್ನದು ಕಲ್ಲೇಶ. ಎಸೆಯೋಕೆ ಅದೂ ಸರಿಯೇ.

ಹಾಸನದ ಕ್ರೀಡಾಂಗಣಕ್ಕೆ ನೀನು ಹೋದದ್ದು ನಾನೂರು ಮೀಟರ್ ಓಡಲು.
ಮೂರನೇ ಜಾಗ, ಒಂದು ಸ್ಟೀಲ್ ಡಬ್ಬಿ.
ಮೂಲೆಯಲ್ಲಿ, ಮೊಣಕಾಲಿಗೆ ಪಟ್ಟಿ ಕಟ್ಟಿದ ಯಾರೋ ಕೋಚು
ಕಂದು ಚೆಂಡೊಂದನ್ನು ನಿನ್ನ ಕಡೆ ಎಸೆದನಂತೆ.
ವಾಪಸು ಬಂದು ನೀನು ಹೇಳಿದ್ದಿಷ್ಟೇ:
‘ಕಲ್ಲಣ್ಣ, ಅದು ನಮ್ಮ ಸಿಪ್ಪೆಕಾಯಿ.
ಜುಟ್ಟಿನ ಬದಲು ಹೊಲಿಗೆ ಇದೆ.
ತೂಕ ಇಲ್ಲ, ಅದಕ್ಕೇ ಮೋಸ ಮಾಡುತ್ತೆ.’

ಕೊಬ್ಬರಿ ಹರಾಜು ಕಂಡವರು ನಾವು, ಮನುಷ್ಯರದ್ದು ಕಂಡಿರಲಿಲ್ಲ.
ತಕ್ಕಡಿ ಪಕ್ಕ ಒಂದೇ ಫೋನು, ಹನ್ನೊಂದು ತಲೆ.
ಹೆಸರುಗಳು ಮುಗಿಯುತ್ತಾ ಬಂದವು. ಟೀ ಮುಗಿಯಿತು.
ಕಟ್ಟಕಡೆಗೆ, ಉಳಿದ ಕಾಯಿ ಗುಡ್ಡೆ ಹಾಕಿ ಕೊಡುವ ಧಾಟಿಯಲ್ಲಿ,
ಪುಣೆಯವರು ಕೂಗಿದರು, ದಾಸ್ತಗಿರಿ ಅಂತ.
ಮೂಲಬೆಲೆಗೆ.
ನಾವು ಶಿಳ್ಳೆ ಹೊಡೆದೆವು.
ನಿನ್ನ ಅಮ್ಮಿ ಕೇಳಿದ್ದು: ಊಟ ಅವರೇ ಹಾಕ್ತಾರಾ?

ಮೊದಲ ವರ್ಷವೆಲ್ಲ ಬೆಂಚು.
ಕ್ಯಾಮೆರಾ ಆಚೆ ತಿರುಗುವಾಗ ಅರ್ಧ ಭುಜ ಕಾಣುತ್ತಿತ್ತು,
ಅದು ನಮ್ಮ ಹುಡುಗಂದೇ ಅಂತ ಹಮಾಲಿ ದ್ಯಾವಪ್ಪ ಪಣ ಕಟ್ಟುತ್ತಿದ್ದ.
ಆರನೇ ಪಂದ್ಯಕ್ಕೆ ಇಳಿಸಿದರು.
ಸುತ್ತ ಯಾರೂ ಇಲ್ಲ. ಚೆಂಡು ಬಂತು.
ಬೆರಳಿಗೆ ತಾಗಿ ಹುಲ್ಲಿಗೆ ಬಿತ್ತು.
ಕಾಮೆಂಟರಿಯವನು ನಕ್ಕ.
ನಾನು ಫೋನನ್ನು ಬೋರಲು ಹಾಕಿದೆ.

ರಾತ್ರಿ ನಿನ್ನ ದನಿ:
‘ನೀನು ಎದೆಗೇ ಎಸೀತಿದ್ದೆ ಕಲ್ಲಣ್ಣ, ನಾನು ನಿಂತಲ್ಲಿಗೆ.
ಇಲ್ಲಿ, ನಾನು ಇನ್ನೂ ಇಲ್ಲದ ಜಾಗಕ್ಕೆ ಎಸೀತಾರೆ.
ಅವರ ಕೈ ಬಿಟ್ಟಮೇಲೇ ನಾನು ತಿರುಗಿ ನೋಡೋದು.’
ನನಗೆ ಚುಚ್ಚಿತು, ಸುಳ್ಳು ಯಾಕೆ.
ಹದಿನಾಲ್ಕು ವರ್ಷದಿಂದ ಎಸೆಯುತ್ತಿರುವವನು ನಾನು.

ಪುಣೆಯವರು ಕೈಬಿಟ್ಟರು,
ಒಂದು ಕಾಗದದಲ್ಲಿ, ಕೆಳಗೆ ಬೀಳುವ ಸದ್ದೂ ಇಲ್ಲದೆ.
ಸೂರತ್ತಿನವರು ಅರ್ಧ ದುಡ್ಡಿಗೆ ಕರೆದರು.
ತೊಡೆಯ ನರ ಹಿಡಿದುಕೊಂಡಿತು, ಹತ್ತು ವಾರ.
ಅಬ್ಬಾ ಮಂಡಿಗೆ ಬಂದು, ಅವನ ಜಾಗ ಖಾಲಿ ಇದೆಯಾ ಅಂತ ಕೇಳಿ,
ನಾನು ಉತ್ತರ ಹೇಳುವ ಮೊದಲೇ ಹೋದರು.

ಆಮೇಲೆ ಆ ಭಾನುವಾರ.
ಮೈಯೆಲ್ಲ ಗೆರೆಯಾಚೆ, ಚೆಂಡೂ ಆಚೆ,
ಎರಡು ಹೆಬ್ಬೆರಳು ಮಾತ್ರ ಒಳಗೆ,
ಸುಣ್ಣದ ಒಂದು ಕಣ ಕದಲಿಲ್ಲ.
ತೀರ್ಪುಗಾರ ಯೋಚಿಸುತ್ತ ನಿಂತ.
ಅವನಿಗಿಂತ ಮೊದಲು ದ್ಯಾವಪ್ಪ, ಮೆಲ್ಲಗೆ:
‘ಲಾಭ.’
ಆ ವರ್ಷ ಎಣಿಕೆ ನಾಲ್ಕಕ್ಕೆ ನಿಂತಿತು.

ಬಕ್ರೀದಿಗೆ ಮೂರು ದಿನ ಬಂದಿದ್ದೆ.
ಲಾರಿ ನಿಂತಿತ್ತು, ನೀನು ಬೂಟು ಬಿಚ್ಚಿದೆ.
ಎರಡು ಕಾಯಿ ಎದೆಗೇ ಎಸೆದೆ, ಹಳೇ ಅಭ್ಯಾಸ.
ಮೂರನೆಯದನ್ನು ತಕ್ಕಡಿಯಾಚೆ ಎಸೆದೆ,
ಯಾರೂ ಇಲ್ಲದ ಕಡೆಗೆ.
ನೀನು ಓಡಿದೆ. ನನ್ನ ಕಡೆ ಬೆನ್ನು.
ಗೋಣಿಚೀಲಗಳ ಹಿಂದೆ ಬಿದ್ದೆ.
ಹಿಡಿದೆಯೋ ಬಿಟ್ಟೆಯೋ, ಮೇಲಿನಿಂದ ಕಾಣಲಿಲ್ಲ.
ಸದ್ದಂತೂ ಬರಲಿಲ್ಲ.

ಲೆಕ್ಕ ಬರೆಯುವ ಪುಟ್ಟಸ್ವಾಮಪ್ಪನವರು ಪೆನ್ನು ಎತ್ತಿ ಬೈದರು:
‘ಎಣಿಕೆ ತಪ್ಪಿತು ಕಣ್ರೋ. ಮೊದಲಿಂದ ಹೇಳಿ.’