ಕಂಠದಾನ

ನಾನು ಸದ್ದಿನವನು.
ಇಸ್ತಾಂಬುಲಿನ ಸೀರಿಯಲ್ ಸೆಟ್ಟುಗಳಲ್ಲಿ ನಟರ ಕಾಲರಿನೊಳಗೆ
ಹುರುಳಿಕಾಳಿನಷ್ಟು ಮೈಕು ಸಿಕ್ಕಿಸುವುದು ನನ್ನ ಹೊಟ್ಟೆಪಾಡು.
ಎಪ್ಪತ್ನಾಲ್ಕರ ಸುಹೇಲಾ ಹಾನಮ್
ಮೊದಲ ದಿನ ನನ್ನ ಕೈ ತಡೆದು ಕೇಳಿದ್ದರು:
"ಇದು ನನ್ನದನ್ನೇ ಹಿಡಿಯುತ್ತದಾ, ಮಗಾ?"

ಏಳು ವರ್ಷಕ್ಕೆ ನಲವತ್ತೊಂದು ಚಿತ್ರ.
ಬೆಳಿಗ್ಗೆ ಕುರುಡಿ, ಮಧ್ಯಾಹ್ನ ಕ್ಯಾಬರೆಯವಳು,
ಸಂಜೆ ಅದೇ ಕೋಟನ್ನು ಒಳಗು ಹೊರಗು ಮಾಡಿ ತೊಟ್ಟ ಅನಾಥೆ.
ಬೇಸಿಗೆಯ ಬಯಲು ಟಾಕೀಸುಗಳಲ್ಲಿ ಜನ
ಸೂರ್ಯಕಾಂತಿ ಬೀಜ ಕಚ್ಚುವುದನ್ನು ನಿಲ್ಲಿಸಿ ಅಳುತ್ತಿದ್ದರಂತೆ.
ದನಿ ಮಾತ್ರ ಮೆಲಾಹತಳದು.
ಮೊದಲ ರೀಲಿಗೇ ನಿರ್ಮಾಪಕ ತೀರ್ಪು ಕೊಟ್ಟಿದ್ದ:
ಮುಖ ಹುಣ್ಣಿಮೆ, ಗಂಟಲು ಎಣ್ಣೆ ಕಾಣದ ಗಾಡಿ.

ಕಾರ್ಸ್ ಸೀಮೆಯ ಗಂಟಲು ಅದು.
ಹಿಮದ ಬಯಲಿನಾಚೆ ಮೇಯಲು ಹೋದ ಹೆಬ್ಬಾತುಗಳನ್ನು
ಕತ್ತಲಾಗುವುದರೊಳಗೆ ಕೂಗಿ ಕರೆದು ಬೆಳೆದದ್ದು.
ಪ್ರೇಮದೃಶ್ಯದಲ್ಲಿ ಅದಕ್ಕೇನು ಕೆಲಸ?
ತುಟಿ ಅಲ್ಲಾಡಿದರೆ ಸಾಕು ಎಂದರು.
ನಾಯಕ ಅವಳ ಕಿವಿಯಲ್ಲಿ
ಭಾನುವಾರದ ರೇಸಿನ ಕುದುರೆಗಳ ಹೆಸರು ಪಿಸುಗುಟ್ಟಿದ.
ಅವಳು ಅವನ ಕಣ್ಣಲ್ಲಿ ಕಣ್ಣಿಟ್ಟು
ಬಾತುಗಳನ್ನು ಎಣಿಸಿದಳು: ಹದಿನೇಳು, ಹದಿನೆಂಟು,
ಕುಂಟುವುದೊಂದು ಇನ್ನೂ ಬಂದಿಲ್ಲ.
ಆಮೇಲೆ ಬೆಯೋಲುವಿನ ನೆಲಮಾಳಿಗೆಯೊಂದರಲ್ಲಿ ಮೆಲಾಹತ್
ಸ್ವೆಟರಿನ ಹೆಣಿಗೆ ಬಿಡದೆ, ಮೈಕಿನತ್ತ ಕತ್ತು ಚಾಚಿ,
"ನೀವಿಲ್ಲದೆ ಬದುಕಲಾರೆ" ಎಂದಳು.

ಮೆಲಾಹತಳ ಹೆಸರು ಯಾವ ಪರದೆಯ ಮೇಲೂ ಬರಲಿಲ್ಲ.
ನಮ್ಮೂರಲ್ಲಿ ದಾನಿಗಳ ಹೆಸರು ಕೆತ್ತುವುದು
ನೀರಿನ ಕಟ್ಟೆಗಳ ಮೇಲಷ್ಟೇ.

ಒಮ್ಮೆ ಕಾದಿಕೊಯ್ ಹಡಗಿನಲ್ಲಿ ಎದುರುಬದುರು ಕೂತಿದ್ದರಂತೆ ಇಬ್ಬರೂ.
ಮೆಲಾಹತ್ ಚಹಾ ಕೇಳಿದಳು.
ಹುಡುಗ ದನಿಗೆ ತಿರುಗಿ, ಮುಖ ಹುಡುಕಿ,
ಲೋಟ ತಂದು ಸುಹೇಲಾಳ ಕೈಗಿಟ್ಟ.
ಅವಳು ಕುಡಿದಳು.
ದುಡ್ಡು ಮೆಲಾಹತ್ ಕೊಟ್ಟಳು.

ಆಮೇಲಿನ ಸಿನಿಮಾಗಳಿಗೆ ಬಟ್ಟೆ ಬೇಡವಾಯಿತು.
ಸುಹೇಲಾ ನಲವತ್ತು ವರ್ಷ ಗುಂಡಿ ಮಾರಿದಳು.

ಈಗ ಈ ಸೀರಿಯಲ್ಲಿನ ಅಜ್ಜಿ.
ಬಾಸ್ಫರಸ್ ದಂಡೆಯ ಬಂಗಲೆ, ಮೂವರು ಸೊಸೆಯರು, ಒಂದು ಉಯಿಲು.
ಮೊದಲ ಕಂತಿನಲ್ಲಿ ಮಹಡಿಯ ಮೇಲಿಂದ
"ಯಾರ್ರೋ ಅದು, ಬಾಗಿಲು ಹಾಕ್ರೋ" ಎಂದಾಗ
ನನ್ನ ಮೀಟರಿನ ಮುಳ್ಳು ಕೆಂಪಿಗೆ ಹಾರಿತು.
ಆಚೆ ದಡದಲ್ಲಿ, ಏಷ್ಯಾದಲ್ಲಿ,
ಯಾವನೋ ಎದ್ದು ಹೋಗಿ ಬಾಗಿಲು ಹಾಕಿರಬೇಕು.

ನಾಲ್ಕನೇ ವಾರ ವಾಹಿನಿಗೆ ಫೋನು, ಒಂದರ ಹಿಂದೊಂದು:
ನಮ್ಮ ಸುಹೇಲಾಳಿಗೆ ಯಾರದೋ ಒರಟು ದನಿ ಅಂಟಿಸಿದ್ದೀರಿ,
ಅವಳದನ್ನು ಅವಳಿಗೆ ಕೊಡಿ.

ಬರಹಗಾರ ಒಳ್ಳೆಯವನು. ಸಾಯಿಸಲಿಲ್ಲ, ಲಕ್ವ ಹೊಡೆಸಿದ.
ಹತ್ತನೇ ಕಂತಿನಿಂದ ಅಜ್ಜಿಗೆ ಗಾಲಿಕುರ್ಚಿ, ಕಂಬಳಿ,
ಎರಡು ಕಣ್ಣು.
ಮೌನದಲ್ಲೇ ಎಂಥ ಅಭಿನಯ ಎಂದು ಪತ್ರಿಕೆಗಳು ಬರೆದವು.
ಕತ್ತರಿಸಿ ತಂದುಕೊಟ್ಟೆ. ಮಡಿಸಿ
ಕುರ್ಚಿಯ ಕುಂಟುವ ಗಾಲಿಯಡಿ ಇಟ್ಟರು.

ಮೂಕಿಗೆ ಮೈಕೇಕೆ ಎಂದು ಮ್ಯಾನೇಜರು
ಬ್ಯಾಟರಿಯ ಲೆಕ್ಕ ತೆಗೆಯುತ್ತಾನೆ.
ನಾನು ದಿನಾ ಸಿಕ್ಕಿಸುತ್ತೇನೆ.
ಅವರು ಗದ್ದ ಎತ್ತಿ ಜಾಗ ಕೊಡುತ್ತಾರೆ.

ಸೊಸೆಯರು ಉಯಿಲು ಹಿಡಿದು ಕಿರುಚುವಾಗ
ನನ್ನ ಇಯರ್‌ಫೋನಿನಲ್ಲಿ, ಎಂಟನೇ ಚಾನೆಲ್ಲಿನಲ್ಲಿ,
ತುಟಿ ಕದಲಿಸದೆ, ಮೂಗಿನೊಳಗೆ,
ಹದಿನೈದು, ಹದಿನಾರು.
ಎಡಿಟಿಂಗಿನಲ್ಲಿ ಅದರ ಮೇಲೆ ಪಿಟೀಲು ಸುರಿಯುತ್ತಾರೆ.

ನಿನ್ನೆ ಹದಿನೆಂಟಕ್ಕೆ ನಿಂತಿತು.
ವಾಲ್ಯೂಮು ಏರಿಸಿದೆ. ಉಸಿರು, ಕಂಬಳಿಯ ಸರಪರ,
ದೂರದಲ್ಲೊಂದು ಹಡಗಿನ ಭೋಂಕಾರ.
ಕುಂಟುವುದು ಬಂತೋ ಏನೋ,
ನಿರ್ದೇಶಕ ಕಟ್ ಎಂದುಬಿಟ್ಟ.