ಸೋರುವ ಜಾಗ

ಅಕ್ಕನ ಮದುವೆಗೆ ಬಂದ ಐದು ಲೀಟರಿನ ಕುಕ್ಕರು
ಈಗ ಅನ್ನ ಬೇಯಿಸುವುದಿಲ್ಲ.
ಹೊಟ್ಟೆಯಲ್ಲಿ ಗ್ಲಿಸರಿನ್ನು, ಬ್ಯಾಟರಿಗೆ ಹಾಕುವ ನೀರು,
ವೆಯ್ಟ್ ಕೂರುವ ಕಡೆ ಬೆರಳು ಗಾತ್ರದ ತಾಮ್ರದ ನಳಿಗೆ.
ಮೆಡಿಕಲ್ ಸ್ಟೋರಿನವನು ಕೇಳುತ್ತಾನೆ:
ನಿಮ್ಮನೇಲಿ ಎಷ್ಟು ಜನಕ್ಕಪ್ಪ ಚರ್ಮ ಒಡೆದಿರೋದು?
ನಳಿಗೆ ಹೋಗಿ ಮುಳುಗುವುದು ಬಣ್ಣದ ಡ್ರಮ್ಮಿನ ಐಸಿನೊಳಗೆ.
ಐಸು ಮೀನು ಮಾರ್ಕೆಟ್ಟಿನದು.
ಅದಕ್ಕೇ ನಮ್ಮ ದೇವಲೋಕಕ್ಕೆ
ಸ್ವಲ್ಪ ಜಿಲೇಬಿ ಮೀನಿನ ವಾಸನೆ.

ಮೊನ್ನೆ ಕೊತ್ತತ್ತಿಯ ನಾಟಕದಲ್ಲಿ
ದೇವರ ಕಾಲ ಬುಡದಲ್ಲಿ ಏಳಬೇಕಿದ್ದ ಹೊಗೆ
ಎಡಗಡೆ ವಿಂಗಿನಿಂದ ನುಗ್ಗಿ
ಹಾರ್ಮೋನಿಯಂ ಮೇಷ್ಟ್ರ ಮೂಗಿಗೇ ಹೋಯಿತು.
ಕಂದಪದ್ಯ ಎತ್ತಿದ್ದವರು ಕೆಮ್ಮಿನಲ್ಲಿ ಮುಗಿಸಿದರು.
ಮುಂದಿನ ಸಾಲಿನ ಹುಡುಗರು
ಒನ್ಸ್ ಮೋರ್ ಅಂದರು, ಕೆಮ್ಮಿಗೆ.

ಇವತ್ತು ಗುತ್ತಲು ರಸ್ತೆಯ ಸೀನರಿ ಅಂಗಡಿ ಹಿತ್ತಲಲ್ಲಿ
ಅರಮನೆ ಒಂದು ಹಗ್ಗದ ಮೇಲೆ ಒಣಗುತ್ತಿದೆ, ಕಾಡು ಇನ್ನೊಂದರ ಮೇಲೆ.
ನಡುವೆ ನಾನು, ಕುಕ್ಕರ್ ರಿಪೇರಿಯ ಮುನಾವರ್ ಸಾಬರು,
ಒಂದು ಸೈಕಲ್ ಪಂಪು, ಬಟ್ಟೆ ಸೋಪಿನ ನೊರೆ.
ಗಾಳಿ ಹೊಡೆದು, ಕೀಲು ಕೀಲಿಗೆ ನೊರೆ ಸವರಿ
ಕಾಯುತ್ತೇವೆ.
"ಹೊಗೆ ಸುಳ್ಳು ಹೇಳ್ತದೆ ಕಣಪ್ಪ,
ಎಲ್ಲೋ ಹುಟ್ಟಿ ಎಲ್ಲೋ ಕಾಣ್ತದೆ. ನೊರೆ ಹೇಳಲ್ಲ."
ಗ್ಯಾಸ್ಕೆಟ್ಟಿನ ಬಾಯಲ್ಲಿ ಒಂದು ಗುಳ್ಳೆ,
ಹತ್ತು ರೂಪಾಯಿ ನಾಣ್ಯದಷ್ಟು,
ಒಡೆಯಲು ಮನಸ್ಸಿಲ್ಲದೆ ಕೂತಿದೆ.
ಬೆಸುಗೆಯ ಹತ್ತಿರ ಸಾಸಿವೆಯಂಥವು, ಸಾಲಾಗಿ.
ಡ್ರಮ್ಮಿನ ಮುಚ್ಚಳದಲ್ಲಿ ಇಡೀ ಸಂಸಾರ.

ಎಂ-ಸೀಲ್ ನಾದುತ್ತೇನೆ, ಕರಿದೂ ಬಿಳಿದೂ
ಬೂದಿ ಬಣ್ಣಕ್ಕೆ ತಿರುಗುವ ತನಕ.
ಬಿಳಿ ಟೇಪು ಹನ್ನೊಂದು ಸುತ್ತು. ಹಳೇ ಟ್ಯೂಬಿನ ಪಟ್ಟಿ. ಕ್ಲಿಪ್ಪು.
ಉಳಿದದ್ದು, ಪೈಪಿನ ಎಡ ಮೊಣಕೈಯಲ್ಲಿ
ಕೂದಲೆಳೆಯ ಬಿರುಕು.

ಅಷ್ಟರಲ್ಲಿ ಹೊಂಬಾಳಯ್ಯ ಬಂದರು.
ಹಗಲು ಸಕ್ಕರೆ ಕಾರ್ಖಾನೆ ಗೇಟಿನಲ್ಲಿ ಕಬ್ಬಿನ ಗಾಡಿ ತೂಕ ಬರೆಯುವವರು,
ರಾತ್ರಿ, ಇಪ್ಪತ್ತೆರಡು ವರ್ಷದಿಂದ, ದೇವರು.
ಬಿರುಕಿಗೆ ಅಂಗೈ ಒಡ್ಡಿ ಸ್ವಲ್ಪ ಹೊತ್ತು ನಿಂತರು.
"ಇದೊಂದ ಬುಟ್ಬುಡ್ಲಾ, ಮುಚ್ಬ್ಯಾಡ.
ಮಾಯ ಆಗೋ ಸೀನಲ್ಲಿ ಲೈಟು ಆರ್ತದೆ, ಪರದೆ ಬ್ಯಾಗ ಬೀಳಲ್ಲ.
ಸ್ಟೂಲಿಂದ ಇಳಿಯಕ್ಕೆ ಈ ಮಂಡಿಗೆ
ಹತ್ತು ಎಣಿಸೋವಷ್ಟು ಹೊತ್ತು ಬೇಕು.
ಮೊನ್ನೆ ಆ ಹೊಗೆ ನನ್ನ ಮಾನ ಉಳಿಸ್ತು."

ಮುನಾವರ್ ಸಾಬರು ನನ್ನ ಮುಖ ನೋಡಿದರು.
ನಾನು ನೊರೆ ನೋಡಿದೆ.
ದೇವರು ಕತ್ತಲಲ್ಲಿ ಸ್ಟೂಲಿನ ಅಂಚಿಗೆ ಕಾಲು ತಡಕುವುದನ್ನು
ಇಷ್ಟು ವರ್ಷ ಡ್ರಮ್ಮಿನ ಪಕ್ಕ ಕೂತೂ
ನಾನು ನೋಡಿರಲಿಲ್ಲ.

ಬಿರುಕಿಗೆ ಒಂದು ಚಿಂದಿ ಸುತ್ತಿ, ಎಳೆದರೆ ಬಿಚ್ಚುವ ಗಂಟು ಹಾಕಿ
ದಾರದ ತುದಿ ಅವರ ಕೈಗೆ ಕೊಟ್ಟೆ.
ಚೀಟಿಯಲ್ಲಿ ಬರೆದೆ: ಗ್ಯಾಸ್ಕೆಟ್ ಒಂದು, ಎಂ-ಸೀಲ್ ಎರಡು, ಟೇಪು, ಕ್ಲಿಪ್ಪು.
ಚಿಂದಿಯ ಲೆಕ್ಕ ಬರೆಯಲಿಲ್ಲ.

ಶನಿವಾರ ಹೊಳಲಿನಲ್ಲಿ ನಾಟಕ.
ಅಕ್ಕ ಹೆಂಗಸರ ಕಡೆ ಚಾಪೆಯ ಮೇಲೆ ಕೂತಿರುತ್ತಾಳೆ.
ದೇವರು ಬರುವ ಹೊತ್ತಿಗೆ ಒಳಗಿಂದ ಬುಸ್ಸೆಂದರೆ ಸಾಕು,
ಸೀಟಿ ಇಲ್ಲದಿದ್ದರೂ ಎಣಿಸಲು ಶುರುಮಾಡುತ್ತಾಳೆ,
ಮೂರಕ್ಕೆ ಒಲೆ ಆರಿಸಲು ಎದ್ದುಬಿಡುತ್ತಾಳೆ.
ಹಿಂದಿನವರು ಕೂರಮ್ಮಾ ಅಂತ ಬೈಯುತ್ತಾರೆ.